ಮೂಲೆಯ ದೀಪವನ್ನು ನಡುವಿಗೆ ತಂದ ವರ್ಷ

ಹೋದ ವಾರ ಯಡಿಯೂರಿನಲ್ಲಿ ಗೆಳೆಯ ಮುನಿರಾಜುವಿನ ಮನೆಯ ಕೆಳಗಿನ ಶಟರ್ ಎತ್ತಿದಾಗ ಒಳಗಿಂದ ಬಂದ ವಾಸನೆಗೆ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬಿಸಿಯಾದ ಕಂಪ್ಯೂಟರಿನ ಧೂಳು, ಅದರ ಮೇಲೆ ಸಾಂಬ್ರಾಣಿ. ಇವೆರಡೂ ಒಟ್ಟಿಗೆ ಸೇರುವ ಜಾಗ ಬೆಂಗಳೂರಿನಲ್ಲಿ ಇದೊಂದೇ ಇರಬೇಕು. ಶುಕ್ರವಾರ ಬಂದರೆ ಮುನಿರಾಜು ದೇವರ ಪಟಕ್ಕೆ ಹಾಕಿದ ಧೂಪವನ್ನು ಹಾಗೇ ತಂದು ಕಂಪ್ಯೂಟರಿಗೂ ಮೂರು ಸುತ್ತು ತೋರಿಸುತ್ತಾನೆ. ಹೊಗೆ ಫ್ಯಾನಿಗೆ ಅಂಟಿಕೊಳ್ಳುತ್ತದೆ, ಯಂತ್ರ ಕೆಡುತ್ತದೆ ಎಂದು ನಾನು ಇಪ್ಪತ್ತು ವರ್ಷದಿಂದ ಎಚ್ಚರಿಸುತ್ತಾ ಬಂದಿದ್ದೇನೆ. ಯಂತ್ರ ಕೆಟ್ಟಿಲ್ಲ. ನನ್ನ ಎಚ್ಚರಿಕೆಗಳ ಗತಿ ಸಾಮಾನ್ಯವಾಗಿ ಇದೇ.

“ಒಳಗ್ ಬಾರೋ. ಶಟರ್ ಹಿಡ್ಕೊಂಡು ಏನ್ ಧ್ಯಾನ?” ಎಂದ ಮುನಿರಾಜು.

ಅವನ ತಲೆಯ ಹಿಂದೆ, ಗೋಡೆಯ ಮೊಳೆಗೆ, ನಡುವೆ ತೂತು ಮಾಡಿದ ಒಂದು ಕಪ್ಪು ರಟ್ಟು ಇನ್ನೂ ನೇತಾಡುತ್ತಿತ್ತು. ಅದರ ಮೇಲೂ ಕುಂಕುಮ. ಅದನ್ನು ನೋಡಿದ್ದೇ ತಡ, ಎರಡು ವರ್ಷ ಹಿಂದಿನ ಆ ಮಳೆಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ನಾನು ವಿಮಾ ಕಚೇರಿಯೊಂದರ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುವವನು. ಕೆಟ್ಟದ್ದು ಆಗಿಯೇ ಆಗುತ್ತದೆ ಎಂದು ನಂಬುವುದು ನನಗೆ ಸ್ವಭಾವವೂ ಹೌದು, ಸಂಬಳವೂ ಹೌದು. ಮುನಿರಾಜು ಯಡಿಯೂರಿನ ಹಳೇ ಊರಿನವನು. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲ ಈಗ ಎರಡು ಅಡ್ಡರಸ್ತೆ, ಒಂದು ಔಷಧದಂಗಡಿ, ನಾಲ್ಕು ಹೊತ್ತೂ ಹಾರನ್ ಹೊಡೆಯುವ ಒಂದು ಸಿಗ್ನಲ್. ಕೆಂಪು ದೀಪಕ್ಕೆ ನಿಂತಾಗಲೆಲ್ಲ “ಇಲ್ಲೇ ನಮ್ ಬಾವಿ ಇದ್ದಿದ್ದು” ಎನ್ನುತ್ತಾನೆ. ನಾವಿಬ್ಬರೂ ಇಪ್ಪತ್ತೈದು ದಾಟಿದ್ದ ಕಾಲದಲ್ಲಿ ಅವನು ಈ ಶಟರಿನ ಹಿಂದೆ ಎಂಟು ಕಂಪ್ಯೂಟರ್ ಇಟ್ಟು ಆಟದ ಪಾರ್ಲರ್ ನಡೆಸುತ್ತಿದ್ದ. ನಾನು ಬನಶಂಕರಿ ಎರಡನೇ ಹಂತದ ಮನೆಗೆ ಹೋಗುವ ಮೊದಲು ಇಲ್ಲಿ ಬಸ್ಸಿಳಿದು ಒಂದು ಗಂಟೆ ಕೂರುತ್ತಿದ್ದೆ. ಕೂತು ಇಬ್ಬರೂ ಸೇರಿ ಮುಗಿಸಿದ ಆಟದ ಇಂಗ್ಲಿಷ್ ಹೆಸರು ಬಲು ಉದ್ದ. ನಾವು ‘ಕೋಟೆ’ ಅಂತ ಕರೆಯುತ್ತಿದ್ದೆವು.

ಕೋಟೆಯಲ್ಲಿ ನೀವು ಒಬ್ಬ ದೀಪಧಾರಿ. ಕತ್ತಲ ಕೋಟೆಯೊಳಗೆ ಕೈಯಲ್ಲಿ ಹಣತೆ ಹಿಡಿದು ಹೋಗಬೇಕು. ಹಣತೆಯ ಎಣ್ಣೆಯೇ ನಿಮ್ಮ ಪ್ರಾಣ. ಎಷ್ಟು ಎಣ್ಣೆ ಉಳಿದಿದೆ ಎಂಬುದನ್ನು ಪರದೆಯ ಎಡಗಡೆ ಕೆಳಮೂಲೆಯಲ್ಲಿ ಚಿಕ್ಕದೊಂದು ದೀಪದ ಚಿತ್ರ ತೋರಿಸುತ್ತದೆ. ಅದು ಆರಿದರೆ ಕಥೆ ಮುಗಿಯಿತು. ಕೊಟ್ಟಕೊನೆಗೆ ಒಂದು ದೊಡ್ಡ ಬಾಗಿಲು, ಅದಕ್ಕೆ ಬೀಗ. ನೀವು ಹಿಂತಿರುಗಿ ಹೊರಟಾಗ ಬಾಗಿಲ ಆಚೆ ಗಂಟೆ ಬಾರಿಸುತ್ತದೆ. ಅಷ್ಟೇ. ಆಟ ಮುಗಿಯಿತು. ಗಂಟೆ ಬಾರಿಸಿದ್ದು ಯಾರು?

ಅದನ್ನು ಹೇಳಬೇಕಾದದ್ದು ಕೋಟೆ ಎರಡು. ಅದಕ್ಕಾಗಿ ನಾವು ಕಾದಷ್ಟು ನನ್ನ ಬಡ್ತಿಗೂ ನಾನು ಕಾಯಲಿಲ್ಲ. ಪಾರ್ಲರ್ ಮುಚ್ಚಿತು, ಏಳು ಕಂಪ್ಯೂಟರ್ ಗುಜರಿಗೆ ಹೋದವು, ಉಳಿದೊಂದನ್ನು ಮುನಿರಾಜು ಭಾಗ ಭಾಗವಾಗಿ ಹೊಸದು ಮಾಡಿಸುತ್ತಾ ಬಂದ. ನಮ್ಮ ಮನೆಯಲ್ಲಿ ನೆಂಟರೊಬ್ಬರು “ಕೋಟೆ ಎರಡು ಯಾವಾಗ ಬರುತ್ತೋ” ಎಂಬ ನನ್ನ ಫೋನ್ ಮಾತು ಕೇಳಿಸಿಕೊಂಡು, ಹೊಸಕೆರೆಹಳ್ಳಿ ಕಡೆ ಯಾವುದೋ ಅಪಾರ್ಟ್‌ಮೆಂಟ್ ಇರಬೇಕು ಅಂತ ತಿಳಿದು ತಮಗೂ ಒಂದು ಫ್ಲ್ಯಾಟ್ ಹೇಳಿ ಎಂದಿದ್ದರು.

ಆಟ ಮಾಡುವ ಕಂಪನಿ ಎಲ್ಲೋ ಹಿಮ ಬೀಳುವ ದೇಶದ್ದು. ತಿಂಗಳ ಮೊದಲ ಶನಿವಾರ ಬೆಳಗ್ಗೆ ಅಲ್ಲಿಂದ ಅಭಿಮಾನಿಗಳಿಗೆ ಒಂದು ಪತ್ರ ಬರುತ್ತಿತ್ತು. ಯಡಿಯೂರು ಕೆರೆಯ ಸುತ್ತ ಎರಡು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು, ನಾನು ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಕ್ಲೇಮ್ ವಿಭಾಗದವನಲ್ಲವೇ, ಅಕ್ಷರಗಳ ಹಿಂದೆ ಏನಿದೆ ಎಂಬುದೇ ನನಗೆ ಮುಖ್ಯ. ‘ನಾವು ತುಂಬಾ ಉತ್ಸುಕರಾಗಿದ್ದೇವೆ’ ಎಂದರೆ ಮೂರು ತಿಂಗಳು ತಡ. ‘ಗುಣಮಟ್ಟದಲ್ಲಿ ರಾಜಿ ಇಲ್ಲ’ ಎಂದರೆ ಒಂದು ವರ್ಷ. ‘ಈ ಪಯಣದಲ್ಲಿ’ ಎಂದು ಶುರುವಾದರೆ ಯಾರೋ ಕೆಲಸ ಬಿಟ್ಟಿದ್ದಾರೆ.

ಆ ವರ್ಷ ಯುಗಾದಿ ಕಳೆದು ಬಂದ ಪತ್ರ ಮಾತ್ರ ನೇರವಾಗಿತ್ತು. ಮಳೆಗಾಲದಲ್ಲಿ ಪರೀಕ್ಷಾರ್ಥ ಆಟ ಬಿಡುತ್ತೇವೆ; ಅರ್ಜಿ ಹಾಕಿದವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸುತ್ತೇವೆ; ಆಡಿದವರು ಏನು ಬದಲಾಗಬೇಕೋ ಹೇಳಬಹುದು. ನಾನು ಎದ್ದು ನಿಂತು ಓದಿದೆ. ಮುನಿರಾಜು ಕೆರೆಯ ನೀರನ್ನೇ ನೋಡುತ್ತಿದ್ದ.

“ಕೇಳಿಸ್ತೇನೋ? ಬರ್ತಿದೆ ಗುರು!”

“ಕೇಳಿಸ್ತು. ಕೂತ್ಕೋ, ಒಂದ್ ವಿಷ್ಯ ಇದೆ.”

ಹದಿನೈದು ದಿನದ ಹಿಂದೆ ಅವನ ಸ್ಕೂಟರ್ ನಿಂತಿದ್ದ ಆಟೋಗೆ ತಗುಲಿತ್ತು. ಆಟೋ ಬಲಗಡೆ ಇತ್ತಂತೆ, ಇವನಿಗೆ ಕಂಡೇ ಇರಲಿಲ್ಲ. ಹೆಂಡತಿ ಜಯಮ್ಮ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನೋಟದ ಅಂಚನ್ನು ತಿನ್ನುತ್ತಾ ಬಂದಿದೆ. ಹೋದದ್ದು ಬರುವುದಿಲ್ಲ. ದಿನಕ್ಕೆ ಮೂರು ಸಲ ಡ್ರಾಪ್ಸ್ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು.

“ಸುತ್ತ ಇರೋದೆಲ್ಲಾ ಹೋಗಿದೆ ಮಗಾ. ನಡುವೆ ಒಂದ್ ತಟ್ಟೆಯಷ್ಟು ಇದೆ,” ಎಂದ, ಮನೆಯ ಬಾಡಿಗೆದಾರರ ವಿಷಯ ಹೇಳುವ ಹಾಗೆ.

ಆ ಭಾನುವಾರ ಕೋಟೆ ಒಂದನ್ನು ಮತ್ತೆ ಹಾಕಿದೆವು. ಹಿಂದೆಲ್ಲ ಕಣ್ಣು ಮುಚ್ಚಿಕೊಂಡೇ ಗೆಲ್ಲುತ್ತಿದ್ದ ಮೊದಲ ಹಂತದಲ್ಲೇ ಅವನು ಸತ್ತ. ಮತ್ತೆ ಸತ್ತ. ಎಡಮೂಲೆಯಲ್ಲಿ ದೀಪ ಕುಗ್ಗುತ್ತಿರುವುದು ಅವನಿಗೆ ಕಾಣುತ್ತಲೇ ಇರಲಿಲ್ಲ. ಅದನ್ನು ನೋಡಲು ತಲೆ ತಿರುಗಿಸಿದರೆ ಎದುರಿನ ರಾಕ್ಷಸ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೂಗಲು ಶುರುಮಾಡಿದೆ: “ಎಣ್ಣೆ ಅರ್ಧ! ಎಣ್ಣೆ ಕಾಲು! ಎಣ್ಣೆ ಹಾಕೋ, ಎಣ್ಣೆ!”

ಅವನು ಮೌಸ್ ಬಿಟ್ಟು ಕೈಕಟ್ಟಿ ಕೂತ. “ನಿನ್ ಕಣ್ಣಲ್ಲಿ ಆಡೋದಾದ್ರೆ ನೀನೇ ಆಡು. ನಾನ್ಯಾಕೆ ಇಲ್ಲಿ ಕೂರ್ಲಿ?”

ಕಂಪನಿ ಹೊರಗೆ ಬಿಟ್ಟಿದ್ದ ಕೋಟೆ ಎರಡರ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಅಲ್ಲೂ ದೀಪ ಎಡಮೂಲೆ, ದಾರಿ ತೋರುವ ಬಾಣ ಬಲಮೂಲೆ. ಇಷ್ಟು ವರ್ಷ ಕಾದು, ಆ ಬಾಗಿಲು ತೆರೆಯುವ ಹೊತ್ತಿಗೆ, ಮುನಿರಾಜು ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ತಿಳಿಯಬೇಕಿತ್ತು. ಆವತ್ತು ಯಡಿಯೂರಿನಿಂದ ಮನೆಗೆ ನಡೆಯುತ್ತಾ ತೀರ್ಮಾನ ಮಾಡಿದೆ. ಈ ಎರಡನ್ನೂ ಮೂಲೆಯಿಂದ ನಡುವಿಗೆ ತರಿಸಬೇಕು. ಕಂಪನಿಗೆ ಅದನ್ನು ಹೇಳಬೇಕಾದರೆ ಪರೀಕ್ಷಾ ಆಟದೊಳಗೆ ಮುನಿರಾಜು ಇರಬೇಕು. ಇರಬೇಕಾದರೆ ಚೀಟಿಯಲ್ಲಿ ಅವನ ಹೆಸರು ಬರಬೇಕು.

ಇಲ್ಲಿ ನನ್ನ ಸ್ವಭಾವ ಕೆಲಸಕ್ಕೆ ಬಂತು. ಚೀಟಿ ಎಂದರೆ ಅದೃಷ್ಟ, ಅದೃಷ್ಟ ಎಂದರೆ ನನಗೆ ಆಗದ ವಿಷಯ. ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಆಲಿಕಲ್ಲು ಬೀಳುತ್ತಿದ್ದಾಗ, ಮುನಿರಾಜು ಊಟ ಮಾಡಿ ಮೇಲೆ ಮಲಗಿದ್ದಾಗ, ನಾನು ಇದೇ ಕಂಪ್ಯೂಟರಿನ ಮುಂದೆ ಕೂತು ಅವನ ಅರ್ಜಿ ತುಂಬಿದೆ. ಆಮೇಲೆ ಯಾವುದಕ್ಕೂ ಇರಲಿ ಎಂದು ನನ್ನದು. ಆಮೇಲೆ ನನ್ನ ಹೆಂಡತಿ ಶೈಲಾಳದು. ಜಯಮ್ಮನದು. ನನ್ನ ಅತ್ತೆಯದು. ಇಬ್ಬರು ಷಡ್ಡಕರದು. ಇನ್ನೂ ನಾಲ್ವರು ನೆಂಟರದು. ಯಾರ ಹೆಸರು ಎದ್ದರೂ ಆಡುವುದು ಮುನಿರಾಜುವೇ ತಾನೇ? ಹನ್ನೊಂದು ಅರ್ಜಿ. ನಿಮಗೆ ಇಷ್ಟವಾದ ಆಯುಧ ಯಾವುದು ಎಂಬ ಪ್ರಶ್ನೆಗೆ ಅತ್ತೆಯ ಅರ್ಜಿಯಲ್ಲಿ ‘ಕೊಡಲಿ’ ಎಂದು ಬರೆದೆ. ಅವರಿಗೆ ಆಗ ಎಪ್ಪತ್ತೆಂಟು.

ಒಂಬತ್ತು ದಿನಕ್ಕೆ ಉತ್ತರ ಬಂತು. ಒಬ್ಬರಿಗೆ ಒಂದೇ ಅರ್ಜಿ ಎಂಬ ನಿಯಮ ಮೀರಿ, ಒಂದೇ ಯಂತ್ರದಿಂದ ಹನ್ನೊಂದು ಅರ್ಜಿ ಬಂದಿರುವ ಕಾರಣ ಹನ್ನೊಂದೂ ರದ್ದು. ಆ ಹನ್ನೊಂದರಲ್ಲಿ ಮುನಿರಾಜುವಿನ ಪ್ರಾಮಾಣಿಕ ಅರ್ಜಿಯೂ ಒಂದು. ಇದೇ ಕಾರಣಕ್ಕೆ ನಾನು ನನ್ನ ಕಚೇರಿಯಲ್ಲಿ ಎಷ್ಟು ಜನರ ಕ್ಲೇಮು ತಿರಸ್ಕರಿಸಿಲ್ಲ! ನಿಯಮ ಓದಿಲ್ಲವೇ ಎಂದು ಎಷ್ಟು ಜನರನ್ನು ಕೇಳಿಲ್ಲ!

ಜಯಮ್ಮ ಮಹಡಿಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ನಾನು ತಪ್ಪೊಪ್ಪಿಕೊಂಡದ್ದು ಅಲ್ಲೇ, ಮಿಷಿನ್ ಸದ್ದಿನ ನಡುವೆ.

“ನಿಮ್ಮತ್ತೇವ್ರಿಗೂ ಹಾಕಿದ್ರಾ ಶ್ರೀಧರಣ್ಣ?”

“ಹೂಂ.”

“ನನ್ ಹೆಸ್ರಲ್ಲಿ ಏನ್ ಕೆಲ್ಸ ಅಂತ ಬರ್ದಿದ್ರಿ?”

“ಅನುಭವಿ ಆಟಗಾರ್ತಿ.”

ಅವಳು ಬಾಯಲ್ಲಿದ್ದ ಪಿನ್ನು ತೆಗೆದು ನಕ್ಕಳು. ಮುನಿರಾಜು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಿದ್ದ.

“ನೀನ್ ಹೆದರಿದ್ದು ನನಗೋಸ್ಕರ ಅಂದ್ಕೊಂಡಿದ್ದೀಯ,” ಎಂದ ಕೊನೆಗೆ. “ಅಲ್ಲ ಕಣೋ. ನಿನ್ ಹೆದರಿಕೆ ಇಳೀಲಿ ಅಂತ ಹಾಕಿದ್ದು ಅಷ್ಟೂ. ನಂದೊಂದ್ ಸಾಕಿತ್ತು.”

ಆಮೇಲೆ ಅವನು ಕೆರೆಗೆ ಬರುವುದನ್ನೇ ಬಿಟ್ಟ. ನಾನೊಬ್ಬನೇ ಸುತ್ತು ಹಾಕಿದೆ. ಮುಂಗಾರಿನ ಗಾಳಿ ಕೆರೆಯ ನೀರನ್ನು ಒಂದೇ ದಡಕ್ಕೆ ತಳ್ಳುತ್ತಿತ್ತು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾಲ್ಕು ದಿನ ಬೆಳಗ್ಗೆ ಪ್ರಯತ್ನಿಸಿದೆ. ಸಿಗಲಿಲ್ಲ. ಐದನೆಯ ದಿನ ಬೆಳಗ್ಗೆ, ಸಿಗದ ತಪ್ಪನ್ನು ಬಿಟ್ಟು, ಮಾಡಿದ ತಪ್ಪನ್ನು ಸರಿಮಾಡುವುದು ಎಂದುಕೊಂಡೆ. ತಿರಸ್ಕಾರವಾದ ಕಡತ ಮತ್ತೆ ತೆರೆಯುವುದು ಹೇಗೆ ಎಂಬುದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಂಪನಿಗೆ ಐದು ಪುಟದ ಪತ್ರ ಬರೆದೆ. ಉತ್ತರವಿಲ್ಲ. ಏಳು ಪುಟ ಬರೆದೆ. ಉತ್ತರವಿಲ್ಲ. ಎರಡನ್ನೂ ಹಿಡಿದುಕೊಂಡು ಯಡಿಯೂರಿಗೆ ಹೋದೆ. ಮುನಿರಾಜು ಮೂರು ಸಾಲು ಕೇಳಿ ಕೈ ಎತ್ತಿದ.

“ಇದನ್ ಓದಿದ್ರೆ ನಾನೂ ಉತ್ತರ ಬರೀತಿರ್ಲಿಲ್ಲ. ಹೇಳೋದ್ ಬಿಡು ಮಾರಾಯ. ತೋರ್ಸು.”

ಹಾಗೆ ಹುಟ್ಟಿದ್ದು ಆ ಕಪ್ಪು ರಟ್ಟು. ಪರದೆಯ ಅಳತೆಗೆ ಕತ್ತರಿಸಿ ಪರದೆಗೇ ಅಂಟಿಸಿದೆವು. ಜಯಮ್ಮ ಹಣೆಯಿಂದ ಬಿಂದಿ ತೆಗೆದು ರಟ್ಟಿನ ನಟ್ಟನಡುವೆ ಅಂಟಿಸಿದಳು. ಮುನಿರಾಜು ಆಡುವಾಗ ಕೂರುವ ಕುರ್ಚಿಯಲ್ಲೇ ಕೂತು, ಬಿಂದಿಯನ್ನೇ ನೋಡಬೇಕು. ಅವಳು ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣವನ್ನು ಅಂಚಿನಿಂದ ನಡುವಿಗೆ ನಿಧಾನವಾಗಿ ತರುವುದು. ಕಂಡ ಕೂಡಲೇ ಅವನು “ಈಗ” ಎನ್ನುವುದು. ಅಲ್ಲೊಂದು ಚುಕ್ಕೆ.

ಮೊದಲ ಸಲ ಸುಣ್ಣ ಎಡದಂಚಿನಿಂದ ಹೊರಟಿತು. ಒಂದು ಗೇಣು ಬಂತು. ಅವನು ಮಾತಾಡಲಿಲ್ಲ. ಇನ್ನೂ ನಾಲ್ಕು ಬೆರಳು ಬಂತು. ನಾನು ಕೆಮ್ಮಿದೆ. ಬಿಂದಿಯ ಹತ್ತಿರ ಹತ್ತಿರ ಬಂದ ಮೇಲೆ “ಈಗ” ಎಂದ. ಎಂಟು ದಿಕ್ಕಿನಿಂದಲೂ ಹಾಗೇ ತಂದು ಚುಕ್ಕೆ ಇಟ್ಟು, ಜಯಮ್ಮ ಚುಕ್ಕೆಗಳನ್ನು ಸೇರಿಸಿದಳು. ಊಟದ ತಟ್ಟೆಯಷ್ಟು ಇರಬಹುದು ಎಂದುಕೊಂಡಿದ್ದೆ. ಉಪ್ಪಿನಕಾಯಿ ಬಡಿಸುವ ತಟ್ಟೆಯಷ್ಟಿತ್ತು. ದುಂಡಗೂ ಇರಲಿಲ್ಲ, ಒಂದು ಪಕ್ಕ ಒಳಗೆ ಹೋಗಿ ಅವರೆಕಾಳಿನ ಹಾಗೆ ಕಾಣುತ್ತಿತ್ತು.

ಜಯಮ್ಮನ ಕೈ ಅಲ್ಲೇ ನಿಂತಿತು. ಗಂಡನಿಗೆ ಎಷ್ಟು ಕಾಣುತ್ತದೆ ಎಂಬುದನ್ನು ಅವಳೂ ಆವತ್ತೇ ಮೊದಲು ನೋಡಿದ್ದು.

“ಎಷ್ಟಾಯ್ತು?” ಎಂದು ಕೇಳಿದ ಮುನಿರಾಜು.

“ಸಾಕಷ್ಟಾಯ್ತು,” ಎಂದು ಅವಳು ಮೂಗೆಳೆದುಕೊಂಡಳು. “ಶ್ರೀಧರಣ್ಣ, ಆ ಕತ್ರಿ ಕೊಡಿ ಇಲ್ಲಿ. ನೆಟ್ಟಗೆ ಕತ್ತರ್ಸೋಣ.”

ತೂತು ಮಾಡಿದ ರಟ್ಟನ್ನು ಪರದೆಗೆ ಹಾಕಿ ಕೋಟೆ ಒಂದನ್ನು ಆಡಲು ಕೂತವನು ನಾನು. ಜಯಮ್ಮ ಹಿಂದಿನಿಂದ ಫೋನಿನಲ್ಲಿ ವಿಡಿಯೊ ತೆಗೆದಳು. ನಾನು ನಾಲ್ಕು ನಿಮಿಷದಲ್ಲಿ ಸತ್ತೆ. ಮತ್ತೆ ಆಡಿ ಮೂರು ನಿಮಿಷದಲ್ಲಿ ಸತ್ತೆ. ಅಷ್ಟು ಹೊತ್ತು ನನ್ನ ಕುತ್ತಿಗೆ ಆ ಎಡಮೂಲೆಯನ್ನು ಹುಡುಕಿ ಹುಡುಕಿ ತಿರುಗುತ್ತಲೇ ಇತ್ತು. ಹಿಂದಿನಿಂದ ಮುನಿರಾಜು ಒಂದೇ ಮಾತು ಹೇಳಿದ, ಅದೂ ವಿಡಿಯೊದಲ್ಲಿ ದಾಖಲಾಗಿದೆ: “ಎಣ್ಣೆ ಹಾಕೋ, ಎಣ್ಣೆ.” ಸೇಡು ತೀರಿಸಿಕೊಂಡ ಸಂತೋಷ ಅವನ ದನಿಯಲ್ಲಿ ಸ್ಪಷ್ಟವಾಗಿತ್ತು. ಆ ವಾರದಿಂದ ಕೆರೆಗೂ ಬಂದ.

ವಿಡಿಯೊವನ್ನು ಅಂತರ್ಜಾಲದಲ್ಲಿ ಅಭಿಮಾನಿಗಳು ಹರಟುವ ಫೋರಮ್ಮಿಗೆ ಹಾಕಿದೆವು. ಕೆಳಗೆ ಎರಡೇ ಸಾಲು: ನನ್ನ ಗೆಳೆಯನಿಗೆ ಇಷ್ಟು ಕಾಣುತ್ತದೆ. ದೀಪವನ್ನು ನಡುವಿಗೆ ತರಬಹುದೇ? ಮೊದಲ ದಿನ ಬಂದ ಉತ್ತರಗಳನ್ನು ಅನುವಾದಿಸದೆ ಬಿಟ್ಟೆ. ಕಣ್ಣು ಕಾಣದವರಿಗೆ ಆಟ ಯಾಕೆ ಎಂಬ ಧಾಟಿಯವು. ಮೂರನೆಯ ದಿನ ಯಾರೋ ತನ್ನ ಪರದೆಗೆ ಹಾಗೇ ರಟ್ಟು ಅಂಟಿಸಿ, ಆಡಿ, ಸತ್ತು, ಅದರ ವಿಡಿಯೊ ಹಾಕಿದ. ಆಮೇಲೆ ಇನ್ನೊಬ್ಬಳು. ಪಿಜ್ಜಾ ಡಬ್ಬದ ಮುಚ್ಚಳ, ಕ್ಯಾಲೆಂಡರಿನ ಬೆನ್ನು, ಒಬ್ಬನಂತೂ ಹಳೇ ಕಂಬಳಿಗೆ ತೂತು ಮಾಡಿದ್ದ. ಲೋಕದ ನಾಲ್ಕು ಕಡೆ ಜನ ಅವರೆಕಾಳಿನಾಕಾರದ ತೂತಿನಲ್ಲಿ ಇಣುಕಿ, ಮೊದಲ ಹಂತದಲ್ಲೇ ಸಾಯತೊಡಗಿದರು.

“ಏನ್ ಗುರು, ಎಲ್ಲಾ ನನ್ ಕಣ್ಣು ಹಾಕ್ಕೊಂಡ್ ಓಡಾಡ್ತಾವ್ರೆ!” ಎಂದು ಮುನಿರಾಜು ತೊಡೆ ತಟ್ಟಿಕೊಂಡ.

ಜುಲೈ ಮುಗಿಯುವ ಹೊತ್ತಿಗೆ ಕಂಪನಿಯ ಹೆಣ್ಣುಮಗಳೊಬ್ಬಳಿಂದ ಪತ್ರ ಬಂತು. ರದ್ದಾದ ಅರ್ಜಿ ಮತ್ತೆ ಸೇರದು, ನಿಯಮ ನಿಯಮವೇ. ಆದರೆ ನಿಮ್ಮ ಗೆಳೆಯರಿಗೆ ನನ್ನವು ಐದು ಪ್ರಶ್ನೆ ಇವೆ, ಅವರೇ ಉತ್ತರಿಸಲಿ ಎಂದಿದ್ದಳು. ನಾನು ಉತ್ತರವನ್ನು ‘ತಮ್ಮ ಅಮೂಲ್ಯ ಸಮಯವನ್ನು’ ಎಂದು ಶುರುಮಾಡಿದ್ದೆ.

“ಹೊಡೆದ್ಹಾಕು ಅದನ್ನ,” ಎಂದ ಮುನಿರಾಜು. “ದೀಪ ಮೂಲೇಲಿ ಯಾಕಿರ್ಬೇಕು ಅಂತ ಕೇಳು. ಆ ದೀಪಧಾರಿ ಕೈಯಲ್ಲೇ ಒಂದ್ ಹಣತೆ ಇದೆ. ಎಣ್ಣೆ ಅದ್ರಲ್ಲೇ ತೋರ್ಸಿದ್ರೆ ಆಗಲ್ವಾ? ದಯವಿಟ್ಟು ಗಿಯವಿಟ್ಟು ಬೇಡ. ಇಷ್ಟೇ ಬರಿ.”

ಇಷ್ಟು ವರ್ಷ ಆ ಆಟ ನೋಡಿದ್ದೇನೆ, ನನಗೆ ಅದು ಹೊಳೆದಿರಲಿಲ್ಲ. ಬರೆದೆ. ಐದೂ ಪ್ರಶ್ನೆಗೆ ಸೇರಿ ಅಷ್ಟನ್ನೇ ಕಳಿಸಿದೆ.

ಸೆಪ್ಟೆಂಬರ್ ಪತ್ರವನ್ನು ಕೆರೆಯ ಬೆಂಚಿನ ಮೇಲೆ, ಒಂದೇ ಕೊಡೆಯ ಕೆಳಗೆ ಓದಿದೆವು. ‘ಗುಣಮಟ್ಟದಲ್ಲಿ ರಾಜಿ ಇಲ್ಲ’ ಎಂದು ಎರಡನೇ ಸಾಲಿನಲ್ಲೇ ಇತ್ತು. ಮಳೆಗಾಲದ ಪರೀಕ್ಷೆಯಲ್ಲಿ ಕಂಡ ತೊಡಕುಗಳಿಂದ ಆಟ ಮತ್ತೆ ಮುಂದಕ್ಕೆ. ಯಾವಾಗ ಎಂದು ಹೇಳಲಾರೆವು. ಅಕ್ಟೋಬರಿನಲ್ಲಿ ಇನ್ನೊಂದು ಪರೀಕ್ಷೆ, ಹೊಸ ಅರ್ಜಿ, ಹೊಸ ಚೀಟಿ. ಫೋರಮ್ಮಿನಲ್ಲಿ ಜನ ಬೆಂಕಿ ಕಾರುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ಲೆಕ್ಕ ಬಂತು. ಒಂದು ವರ್ಷವೋ ಎರಡೋ. ಅಷ್ಟರಲ್ಲಿ ಆ ಉಪ್ಪಿನಕಾಯಿ ತಟ್ಟೆ ಎಷ್ಟಾಗಿರುತ್ತದೆ?

ನಾನು ಬಾಯಿ ಬಿಟ್ಟು ಕೇಳಲಿಲ್ಲ. ಅವನಿಗೆ ಕೇಳಿಸಿತು.

“ಅವ್ರ್ ಕೆಲ್ಸ ಅವ್ರ್ ಮಾಡ್ಲಿ. ನಾನ್ ಡ್ರಾಪ್ಸ್ ಹಾಕ್ಕೊಂಡು ಕಾಯ್ತೀನಿ. ದಿನಕ್ಕೆ ಮೂರು ಸಲ, ಒಂದೂ ತಪ್ಸಲ್ಲ. ಯಾರ್ ಮೊದ್ಲು ಸೋಲ್ತಾರೆ ನೋಡೇಬಿಡೋಣ.”

ಹೊಸ ಅರ್ಜಿಯನ್ನು ಅವನೇ ತುಂಬಿದ. ಒಂದೇ ಒಂದು. ಅಕ್ಷರವನ್ನು ಪರದೆ ತುಂಬುವಷ್ಟು ಹಿಗ್ಗಿಸಿಕೊಂಡು, ಒಂದೊಂದೇ ಕೀ ಒತ್ತುತ್ತಾ, ಒಂದು ಗಂಟೆ. ನನ್ನ ಕೈ ಕೀಬೋರ್ಡಿನ ಕಡೆ ಹೋಗುತ್ತಿದ್ದದ್ದನ್ನು ನೋಡಿ ಜಯಮ್ಮ ಒಂದು ಮೊರ ಹುರುಳಿಕಾಯಿ ತಂದು ತೊಡೆಯ ಮೇಲಿಟ್ಟಳು. “ನಾರು ಬಿಡ್ಸಿ. ಎರಡೂ ಕೈಯಲ್ಲಿ.” ಬಿಡಿಸಿದೆ. ಆವತ್ತು ಅವರ ಮನೆಯ ಪಲ್ಯದಲ್ಲಿ ಒಂದೇ ಒಂದು ನಾರು ಇದ್ದಿರಲಾರದು. ಆ ಸಲ ನಾನು ಯಾರ ಹೆಸರಿನಲ್ಲೂ ಅರ್ಜಿ ಹಾಕಲಿಲ್ಲ, ನನ್ನ ಹೆಸರಿನಲ್ಲೂ.

ಅವನ ಹೆಸರು ಎದ್ದಿತು. ಚೀಟಿಯ ಅದೃಷ್ಟವೋ ಆ ಹೆಣ್ಣುಮಗಳೋ ನನಗೆ ಗೊತ್ತಿಲ್ಲ. ವಿಚಾರಿಸಲಿಲ್ಲ. ಜೀವನದಲ್ಲಿ ನಾನು ವಿಚಾರಿಸದೆ ಬಿಟ್ಟ ಮೊದಲ ಸಂಗತಿ ಅದೇ ಇರಬೇಕು.

ಪರೀಕ್ಷೆಯ ದಿನಕ್ಕೂ ಆಯುಧಪೂಜೆಗೂ ಗಂಟು ಬಿದ್ದಿತ್ತು. ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋದರೂ ಆಟ ನಿಲ್ಲದಿರಲಿ ಎಂದು ನಾನು ನಮ್ಮ ಮನೆಯ ಯುಪಿಎಸ್ ಹೊತ್ತುಕೊಂಡು ಹೋದಾಗ ಸ್ಕೂಟರು, ಹೊಲಿಗೆ ಮಿಷಿನು, ಕತ್ತರಿ, ಕಪ್ಪು ರಟ್ಟು ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಮುನಿರಾಜು ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಂಡು, ಐದು ನಿಮಿಷ ಮುಚ್ಚಿ ಕೂತು, ತೆರೆದ. ಆಟ ತೆರೆಯಿತು. ಮೊದಲು ಆಯ್ಕೆಗಳ ಪುಟ. ಮೇಲಿಂದ ಕೆಳಗೆ ಅವನೇ ಸಾಲು ಸಾಲಾಗಿ ಓದುತ್ತಾ ಹೋದ. ಸದ್ದು. ಬೆಳಕು. ಆಮೇಲೆ, ಹಿಂದಿನ ಯಾವ ಚಿತ್ರದಲ್ಲೂ ನಾನು ಕಾಣದ ಒಂದು ಸಾಲು: ದೀಪ ಮತ್ತು ದಾರಿ, ಮೂಲೆಯಲ್ಲೋ ಕೈಯಲ್ಲೋ?

ಅವನು ಅದನ್ನು ಎರಡು ಸಲ ಓದಿದ. ‘ಕೈಯಲ್ಲಿ’ ಒತ್ತಿದ.

ಪರದೆಯ ನಡುವೆ ದೀಪಧಾರಿ ನಿಂತಿದ್ದ. ಅವನ ಕೈಯ ಹಣತೆಯಲ್ಲಿ ಎಣ್ಣೆ ತುಂಬಿ ತುಳುಕುತ್ತಿತ್ತು. ಕಾಲ ಬಳಿ ದಾರಿಯ ಬಾಣ. ಜಯಮ್ಮ ಪೂಜೆಗೆ ಉಳಿದ ಚೆಂಡುಹೂವಿನ ಸರವನ್ನು ತಂದು ಪರದೆಯ ಎರಡೂ ಮೂಲೆ ಮುಚ್ಚುವಂತೆ ಇಳಿಬಿಟ್ಟಳು.

“ಅಯ್ಯೋ, ಕಾಣಲ್ಲ ಅಮ್ಮಾ ಅದು!” ಎಂದೆ ನಾನು.

“ಮೂಲೇಲಿ ಈಗೇನೂ ಇಲ್ವಲ್ಲ ಅಣ್ಣ. ಹೂವಾದ್ರೂ ಇರ್ಲಿ.”

ಮುನಿರಾಜು ಹೊರಟ. ಮೊದಲ ಹಂತ ದಾಟಿದ. ಎರಡನೆಯದು ದಾಟಿದ. ಕತ್ತಲ ಹಜಾರದ ಕೊನೆಯಲ್ಲಿ ಅದೇ ಬಾಗಿಲು, ಅದೇ ಬೀಗ. ಹಣತೆಯಲ್ಲಿ ಎಣ್ಣೆ ಅರ್ಧಕ್ಕೆ ಬಂತು. ಕಾಲು ಭಾಗಕ್ಕೆ ಬಂತು. ನನ್ನ ಬಾಯಿ ತಾನಾಗಿ ತೆರೆಯಿತು. ಜಯಮ್ಮ ನನ್ನ ಅಂಗೈಗೆ ಒಂದು ಹಿಡಿ ಕೋಸಂಬರಿ ಹಾಕಿದಳು. ತಿಂದೆ. ಎಣ್ಣೆ ತಳ ಕಂಡಿತು. ದೀಪಧಾರಿಯ ಸೊಂಟದ ಕುಡಿಕೆಯಲ್ಲಿ ಇನ್ನೂ ಎಣ್ಣೆ ಇದೆ, ನಿಂತು ಹಾಕಿಕೊಳ್ಳಬಹುದು, ಹಾಕಿಕೋ! ನಾನು ಏನೂ ಹೇಳಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಬಾಗಿಲಿಗೆ ಇನ್ನು ಒಂದು ಹೆಜ್ಜೆ ಇರುವಾಗ ದೀಪ ಆರಿತು. ಪರದೆ ಕಪ್ಪಾಯಿತು. ಎಲ್ಲೋ ದೂರದಲ್ಲಿ ಆ ಗಂಟೆ ಒಂದು ಸಲ ಬಾರಿಸಿತು.

ಮುನಿರಾಜು ಕುರ್ಚಿ ತಿರುಗಿಸಿ, ಪೂರ್ತಿ ತಿರುಗಿಸಿ, ನನ್ನನ್ನು ತನ್ನ ನೋಟದ ನಡುವಿಗೆ ತಂದುಕೊಂಡ. ಮುಖದ ತುಂಬಾ ನಗು.

“ದೀಪ ಕಾಣ್ತಿತ್ತು ಕಣೋ. ಆರೋದು ನೋಡ್ಕೊಂಡೇ ಸತ್ತೆ!”

“ಮತ್ತೆ ಎಣ್ಣೆ ಯಾಕೋ ಹಾಕ್ಲಿಲ್ಲ?”

“ಒಂದ್ ಹೆಜ್ಜೆ ತಾನೇ, ಹೋಗ್ಬಿಡೋಣ ಅನ್ನಿಸ್ತು. ನನ್ ರಿಸ್ಕು, ನಿಂಗೇನು?”

ಅವನು ಮತ್ತೆ ಪರದೆಯ ಕಡೆ ತಿರುಗಿದ. ನಾನು ಅಭ್ಯಾಸದಂತೆ ಎಡಮೂಲೆ ನೋಡಿದೆ. ಅಲ್ಲಿ ಚೆಂಡುಹೂವು ಇತ್ತು.

“ಇನ್ನೊಂದ್ಸಲ,” ಎಂದ ಮುನಿರಾಜು.